ಇನ್ನರ್ಧ ರೊಟ್ಟಿ

ಎದುರಿಗೆ ಕುಳಿತವರ ಮಾತನ್ನು ಅವರಿಗಿಂತ ಮೊದಲು ನಾನೇ ಮುಗಿಸಿಬಿಡುವ ಚಟ ನನಗಿದೆ. ಅವರು 'ನಿನ್ನೆ ಚಿತ್ತಾಪುರಕ್ಕೆ ಹೋಗಿದ್ದೆ, ಅಲ್ಲಿ...' ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ 'ಬಸ್ಸು ಸಿಗಲಿಲ್ಲ, ಹೌದಲ್ಲ?' ಎಂದು ನಾನು ಅಂದಿರುತ್ತೇನೆ. ಬಹಳಷ್ಟು ಸಲ ನನ್ನ ಊಹೆ ಸರಿಯಾಗಿಯೇ ಇರುತ್ತದೆ. ಉಳಿದ ಸಲ, ಅಲ್ಲಿ ನಡೆದದ್ದು ಬೇರೆ ಎಂದು ಅವರು ಹೇಳಲು ಬಾಯಿ ತೆರೆದು, ನನ್ನ ಮುಖದ ಉತ್ಸಾಹ ನೋಡಿ, 'ಹೂಂ, ಸಿಗಲಿಲ್ಲ' ಎಂದು ಒಪ್ಪಿಕೊಂಡುಬಿಡುತ್ತಾರೆ. ಹಾಗಾಗಿ ಒಟ್ಟಾರೆ ನಾನು ಯಾವಾಗಲೂ ಸರಿ.

ಇದರಲ್ಲಿ ನನ್ನ ಪಾತ್ರ ಅರ್ಧವಾದರೆ ನನ್ನ ನೌಕರಿಯದು ಇನ್ನರ್ಧ. ವಾಡಿ ಜಂಕ್ಷನ್ನಿನಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕುಳಿತು ನನ್ನ ಹರೆಯವೆಲ್ಲ ಕಳೆಯಿತು. ಸೇಡಂನಿಂದ ಬೆಳಿಗ್ಗೆ ಪ್ಯಾಸೆಂಜರ್ ಹತ್ತುವುದು, ಕಿಟಕಿಯಲ್ಲಿ ಕೂರುವುದು, ಪ್ರಶ್ನೆ ಬರುವ ಮೊದಲೇ ಉತ್ತರ ಕೊಡುವುದು. ಗಂಟು ಹೊತ್ತವರು, ಕೂಸು ಎತ್ತಿಕೊಂಡವರು, ಮದುವೆಗೆ ಹೊರಟವರು, ಕಲ್ಲಿನ ಗಣಿಯಿಂದ ಬಂದವರು, ಎಲ್ಲರೂ ಕಿಟಕಿಗೆ ಬಗ್ಗುವ ರೀತಿಯಲ್ಲೇ ಅವರು ಹೋಗುವ ಊರು ನನಗೆ ಗೊತ್ತಾಗುತ್ತಿತ್ತು. ಒಮ್ಮೆ ಒಬ್ಬ ಅಜ್ಜಿ ಬಂದಳು. ಸೀರೆ ಉಟ್ಟಿದ್ದ ಬಗೆ ನೋಡಿ ಸೊಲ್ಲಾಪುರದ ಕಡೆಯವಳೆಂದು ತೀರ್ಮಾನಿಸಿ, ಗಾಡಿ ಯಾವಾಗ, ಯಾವ ಪ್ಲಾಟ್‌ಫಾರಂ, ಎಷ್ಟು ತಡ ಎಲ್ಲವನ್ನೂ ಒಂದೇ ಉಸಿರಿಗೆ ಮರಾಠಿಯಲ್ಲಿ ಒಪ್ಪಿಸಿದೆ. ಅಜ್ಜಿ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, 'ಛಲೋ ಆತು ಯಪ್ಪಾ. ಈಗ ಕುಡಿಯೋ ನೀರಿನ ನಳ ಎಲ್ಲದ ಹೇಳು' ಎಂದಳು. ಆಕೆ ಭಂಕೂರಿನವಳು. ಮಗಳನ್ನು ಗಾಡಿ ಹತ್ತಿಸಲು ಬಂದಿದ್ದಳಷ್ಟೇ.

ಆದರೆ ಈ ವಿದ್ಯೆಯಲ್ಲಿ ನಾನು ಏನೇನೂ ಅಲ್ಲ. ನಮ್ಮ ಮನೆಯಲ್ಲಿ ಇದರ ಮೂಲಪುರುಷ, ಅಥವಾ ಮೂಲಸ್ತ್ರೀ, ನಮ್ಮವ್ವ. ಎಂಬತ್ತು ದಾಟಿದ್ದಾಳೆ. ಮನೆಮಂದಿಗೆಲ್ಲ ಆಕೆ ಆಯಿ. ಹಾದಿಹೋಕರಿಗೂ ಜಂಗಮರಿಗೂ ಬಾಗಿಲು ಮುಚ್ಚದ ಮನೆಯಲ್ಲಿ ಹುಟ್ಟಿ, ಅಂಥದೇ ಮನೆಗೆ ಸೊಸೆಯಾಗಿ ಬಂದವಳು. ಆಕೆಯ ಕಾಯಿದೆ ಒಂದೇ: ನಮ್ಮ ಮನೆಯಲ್ಲಿ ಉಣ್ಣಲು ಕುಳಿತವರು ಬಾಯಿ ಬಿಟ್ಟು ಕೇಳುವಂತೆ ಆಗಬಾರದು. ಉಪ್ಪು ಬೇಕಾದವನ ಕಣ್ಣು ಉಪ್ಪಿನ ಕಡೆ ಹೊರಳುವ ಮೊದಲೇ ಉಪ್ಪು ಅವನ ತಾಟಿನಲ್ಲಿರಬೇಕು. 'ಕೇಳಿದ ಮ್ಯಾಲ ನೀಡಿದ್ರ ಅದು ದಾಸೋಹ ಹೆಂಗಾಗ್ತದ? ಅದು ಖಾನಾವಳಿ' ಎನ್ನುತ್ತಾಳೆ.

ರೊಟ್ಟಿ ನೀಡುವುದರಲ್ಲಿ ಆಕೆಯದೇ ಒಂದು ಪದ್ಧತಿ ಇದೆ. ಇಡೀ ರೊಟ್ಟಿ ಹಾಕಲು ಹೋದರೆ ಉಣ್ಣುವವರು ಕೈ ಅಡ್ಡ ಹಿಡಿಯುತ್ತಾರೆ. ಆದ್ದರಿಂದ ಆಯಿ ರೊಟ್ಟಿಯನ್ನು ಮುರಿದು 'ಇನ್ನರ್ಧ ತಗೋ' ಎನ್ನುತ್ತಾಳೆ. ಅರ್ಧಕ್ಕೆ ಬೇಡವೆನ್ನುವ ಕಲ್ಲೆದೆಯವರು ನಮ್ಮ ಕಡೆ ಇಲ್ಲ. ಅದನ್ನು ತಿಂದು ಮುಗಿಸುವಷ್ಟರಲ್ಲಿ ಉಳಿದ ಅರ್ಧ ಬರುತ್ತದೆ, ಮುರಿದ ರೊಟ್ಟಿಯನ್ನು ಬುಟ್ಟಿಗೆ ತಿರುಗಿ ಹಾಕುವುದು ಸರಿಯಲ್ಲವೆಂಬ ಕಾರಣಕ್ಕೆ. ಈಗ ಅಡುಗೆಯೆಲ್ಲ ನನ್ನ ಸೊಸೆಯದು. ಆದರೂ ರೊಟ್ಟಿಯ ಬುಟ್ಟಿಯನ್ನು ಮಾತ್ರ ಆಯಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಪಡಸಾಲೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ, ಬುಟ್ಟಿಯನ್ನು ತೊಡೆಗೆ ಒತ್ತಿಕೊಂಡು ಕುಳಿತು, ಎಲ್ಲರ ತಾಟಿನ ಮೇಲೂ ಒಂದು ಕಣ್ಣಿಟ್ಟಿರುತ್ತಾಳೆ. ನಾವೆಲ್ಲ ಎದ್ದ ಮೇಲೆ, ಬುಟ್ಟಿಯ ತಳದಲ್ಲಿ ಉಳಿದ ಅಂಚು ಸುಟ್ಟ ರೊಟ್ಟಿಯನ್ನು ತಾನು ಉಣ್ಣುತ್ತಾಳೆ.

ಇಂಥ ಮನೆಯಲ್ಲಿ ನನ್ನ ಮೊಮ್ಮಗಳು ನೀಲಾ ಹುಟ್ಟಿದಳು. ಎರಡೂವರೆ ವರ್ಷ ತುಂಬಿದರೂ ಮಾತಾಡಲಿಲ್ಲ.

ಮೊದಮೊದಲು ನಮಗೆ ಅದು ಗೊತ್ತೇ ಆಗಲಿಲ್ಲ ಎಂದರೆ ನೀವು ನಗಬಹುದು. ಗೊತ್ತಾಗಲು ಸಂದರ್ಭವೇ ಇರಲಿಲ್ಲ. ಆಕೆ ಗೋಡೆಯ ಮಾಡದ ಕಡೆ ಕಣ್ಣು ಹೊರಳಿಸಿದರೆ ಬೆಲ್ಲದ ಡಬ್ಬಿ ಕೆಳಗಿಳಿಯುತ್ತಿತ್ತು. ಬಾಗಿಲ ಕಡೆ ನೋಡಿದರೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ತುಟಿ ಒಣಗಿದಂತೆ ಕಂಡರೆ ನನ್ನ ಹೆಂಡತಿ ನೀರಿನ ವಾಟೆ ಹಿಡಿದು ಬರುತ್ತಿದ್ದಳು. ಹಸಿವೆ ಎಂಬುದೊಂದು ಇದೆ ಎಂದು ಆ ಕೂಸಿಗೆ ತಿಳಿಯುವ ಮೊದಲೇ ಯಾರೋ ಮೊಬೈಲ್ ತೋರಿಸುತ್ತ ಅಂಗಳದಲ್ಲಿ ಅಡ್ಡಾಡಿಸಿ ತುತ್ತು ಇಟ್ಟು ಮುಗಿಸಿರುತ್ತಿದ್ದರು. ಮನೆಗೆ ಬಂದವರು 'ನಿನ್ನ ಹೆಸರೇನವ್ವ?' ಎಂದು ಕೇಳಿದರೆ ನಾಲ್ಕು ದಿಕ್ಕಿನಿಂದ 'ನೀಲಾ' ಎಂದು ಉತ್ತರ ಹೋಗುತ್ತಿತ್ತು. ಆಕೆ ಮಾತ್ರ ಬಂದವರನ್ನು ನೋಡಿ ಗಂಭೀರವಾಗಿ ಕಣ್ಣು ಮಿಟುಕಿಸುತ್ತಿದ್ದಳು.

ಮೊದಲು ಕಂಡುಕೊಂಡವಳು ಸುನೀತಾ, ನನ್ನ ಸೊಸೆ, ನೀಲಾಳ ತಾಯಿ. ಓರಗೆಯ ಕೂಸುಗಳು ಪಕ್ಕದ ಮನೆಯಲ್ಲಿ 'ಅವ್ವಾ, ಅಪ್ಪಾ, ಚಾ, ಬ್ಯಾಡ' ಎಂದು ಸಂಸಾರ ನಡೆಸುತ್ತಿರುವುದು ಆಕೆಯ ಕಿವಿಗೆ ಬಿತ್ತು. ಆಮೇಲೆ ತೆಂಗಳಿಯಲ್ಲಿ ಒಂದು ಮದುವೆಯಾಯಿತು. ಅಲ್ಲಿ ಹಂದರದ ಕೆಳಗೆ ಕುಳಿತ ಹೆಂಗಸರೆಲ್ಲ 'ಇನ್ನಾ ಮಾತ ಬಂದಿಲ್ಲೇನ?' ಎಂದು ಕೇಳಿದರು. ಕೇಳಿ ಸುಮ್ಮನಿರಲಿಲ್ಲ, ಮದ್ದನ್ನೂ ಹೇಳಿದರು. ಬಜೆ ತೇದು ಜೇನಿನಲ್ಲಿ ನೆಕ್ಕಿಸಿರಿ. ಗಿಳಿ ಕಚ್ಚಿದ ಪೇರಲ ತಿನ್ನಿಸಿರಿ. ಗುಡಿಯ ಗಂಟೆ ತೊಳೆದ ನೀರು ಕುಡಿಸಿರಿ. ಬಜೆ ಅಂಗಡಿಯಲ್ಲಿ ಸಿಕ್ಕಿತು. ಗಿಳಿ ಕಚ್ಚಿದ ಪೇರಲಕ್ಕಾಗಿ ನಾನು ಕಾಗಿಣಾ ದಂಡೆಯ ತೋಟಗಳಲ್ಲಿ ಅಲೆದೆ. ಹಣ್ಣನ್ನು ಗಿಳಿಯೇ ಕಚ್ಚಿದೆ, ಅಳಿಲಲ್ಲ ಎಂದು ಬರೆದುಕೊಡುವವರು ಯಾರೂ ಸಿಗದೆ ಹಾಗೇ ತಂದು ಕೊಟ್ಟೆ. ನೀಲಾ ಹಣ್ಣು ತಿಂದಳು, ಮಾತಾಡಲಿಲ್ಲ.

ಮನೆಯಲ್ಲಿ ಭಾಷೆಯ ವಿಚಾರವೂ ಎದ್ದಿತು. ಸುನೀತಾಳ ತವರು ಚಿಂಚೋಳಿಯ ಆಚೆ. ಅಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಓಣಿಯಲ್ಲಿ ದಖನಿ ಉರ್ದು. ನನ್ನ ಬಾಯಲ್ಲಿ ರೈಲ್ವೆಯ ಹಿಂದಿ. ಇಷ್ಟೆಲ್ಲ ಕಲಸಿ ಕೂಸಿನ ತಲೆ ಗೊಂದಲವಾಗಿದೆ ಎಂದು ಬೀಗರು ಅಂದರು. ಹಾಗಾದರೆ ಮುಂದೆ ಸಾಲೆಗೆ ಬೇಕಾಗುವುದನ್ನೇ ಕಲಿಸೋಣವೆಂದು ನಾನು ಬಣ್ಣಬಣ್ಣದ ಚಿತ್ರದ ಪುಸ್ತಕ ತಂದು 'ಆ್ಯಪಲ್ ಅನ್ನು. ಬನಾನಾ ಅನ್ನು' ಎಂದು ಶುರುಮಾಡಿದೆ. ಅನ್ನು, ಅನ್ನು ಎಂದು ನಾನೇ ಅಂದೆನೇ ಹೊರತು ಆಕೆ ಅನ್ನಲಿಲ್ಲ. ಕೊನೆಗೆ ಪುಸ್ತಕ ಕಂಡರೆ ಸಾಕು, ಎದ್ದು ಆಯಿಯ ಸೆರಗಿನೊಳಗೆ ಹೋಗಿ ಕೂರತೊಡಗಿದಳು.

ನನಗೆ ನಗೆ ಬರುತ್ತಿದ್ದ ಈ ಸಂಗತಿಗಳು ನಗೆಯವಲ್ಲ ಎಂದು ತಿಳಿದದ್ದು ಕಲಬುರಗಿಯ ಗಾಡಿಯಲ್ಲಿ. ಮಕ್ಕಳ ಡಾಕ್ಟರು ಮಾತು ಕಲಿಸುವ ಒಬ್ಬ ಮೇಡಂ ಹತ್ತಿರ ತೋರಿಸಲು ಹೇಳಿದ್ದರು. ಮಗನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಇದ್ದುದರಿಂದ ಸುನೀತಾ ಮತ್ತು ನೀಲಾಳ ಜೊತೆ ನಾನೇ ಹೊರಟಿದ್ದೆ. ಗಾಡಿ ವಾಡಿಯಲ್ಲಿ ನಿಂತಾಗ ನನ್ನ ಹಳೆಯ ಕಿಟಕಿಯನ್ನು ಮೊಮ್ಮಗಳಿಗೆ ತೋರಿಸಬೇಕೆಂದು ಎದ್ದೆ. ಹಿಂದಿನಿಂದ ಸುನೀತಾ ಮೆಲ್ಲಗೆ ಅಂದಳು:

'ಮಾವಾ, ಆಕಿ ಭಾಳ ಮಾತಾಡಬೇಕಂತ ನನಗೇನಿಲ್ರಿ. ಸಾಲ್ಯಾಗ ಮುಂದ ಬರಬೇಕಂತೂ ಇಲ್ಲ. ಒಮ್ಮೆ ನನ್ನ "ಅವ್ವಾ" ಅಂತ ಕರದ್ರ ಸಾಕಾಗ್ತದ.'

ಆಕೆಯ ಮಾತನ್ನು ಮುಗಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ನನ್ನ ಹಳೆಯ ಕಿಟಕಿ ತೋರಿಸುವುದನ್ನು ಬಿಟ್ಟು ಕುಳಿತುಕೊಂಡೆ. ನೀಲಾ ಕಿಟಕಿಯ ಸರಳು ನೆಕ್ಕುತ್ತಿದ್ದಳು.

ಮೇಡಂ ವಯಸ್ಸಿನಲ್ಲಿ ಚಿಕ್ಕವಳು, ನೆಲದ ಮೇಲೆ ಚಾಪೆ ಹಾಸಿಕೊಂಡು ಕೂಸಿನ ಎದುರಿಗೆ ಕುಳಿತಳು. ಕಿವಿಯ ಪರೀಕ್ಷೆ ಮೊದಲೇ ಆಗಿತ್ತು, ಅದರಲ್ಲಿ ದೋಷವಿರಲಿಲ್ಲ. ಬಿಗಿಯಾದ ಮುಚ್ಚಳದ ಒಂದು ಬಿಸ್ಕೀಟಿನ ಡಬ್ಬಿಯನ್ನು ನೀಲಾಳ ಮುಂದಿಟ್ಟಳು. ನೀಲಾ ಡಬ್ಬಿ ನೋಡಿದಳು, ನನ್ನ ಕಡೆ ನೋಡಿದಳು. ಮುಂದಿನ ಕ್ಷಣ ಡಬ್ಬಿ ತೆರೆದಿತ್ತು.

'ಅಜ್ಜಾರ, ಈಗ ಏನಾತು ನೋಡಿದ್ರೇನು?' ಎಂದಳು ಮೇಡಂ.

'ಡಬ್ಬಿ ತಗದೆ.'

'ಕೂಸು ಕೇಳಿತೇನು?'

'ಕೇಳೋದೇನು ಬಂತ್ರಿ, ನನಗ ಗೊತ್ತಾತಲ್ಲ.'

'ಅದಕ್ಕs ಅಂತೀನಿ' ಎಂದು ನಕ್ಕು, ಡಬ್ಬಿಯನ್ನು ಮತ್ತೆ ಮುಚ್ಚಿ, 'ಈ ಸಲ ಕೈ ಕಟಗೊಂಡು ಕುಂದ್ರಿ' ಎಂದಳು.

ಕುಳಿತೆ. ನೀಲಾ ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು. ಅಂಗಡಿ ಮುಚ್ಚಿದೆಯೇ ಎಂಬಂತೆ ಇಬ್ಬರನ್ನೂ ಮತ್ತೊಮ್ಮೆ ನೋಡಿದಳು. ನನ್ನ ಕೈ ಬೆರಳುಗಳು ಕಂಕುಳಲ್ಲಿ ಒದ್ದಾಡಿದವು. ಆಮೇಲೆ ಆಕೆ ಮೇಡಂಳ ಕೈ ಹಿಡಿದು ಡಬ್ಬಿಯ ಮೇಲಿಟ್ಟು 'ಉಂ' ಎಂದಳು. ಮೇಡಂ ಕೂಡಲೇ, 'ತಗೀಲೇನು? ಹಾಂ, ತಗಿ' ಎಂದು ಡಬ್ಬಿ ತೆರೆದು ಬಿಸ್ಕೀಟು ಕೊಟ್ಟಳು. ಅಷ್ಟೇ. ಆದರೆ ಸುನೀತಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮೇಡಂ ನಮಗೆ ಹೇಳಿದ್ದು ಬಹಳ ಸರಳ. ಕೆಲವು ಕೂಸುಗಳಿಗೆ ಮಾತು ತಡವಾಗಿಯೇ ಬರುತ್ತದೆ, ಇದೊಂದೇ ಕಾರಣವೆಂದು ತಾನು ಹೇಳಲಾರೆ, ತಪ್ಪು ಯಾರದೂ ಅಲ್ಲ, ಆಗಾಗ ಬಂದು ತೋರಿಸಬೇಕು. ಮನೆಯಲ್ಲಿ ಮಾತ್ರ ಮಾತಿಗೆ ಸ್ವಲ್ಪ ಜಾಗ ಮಾಡಿಕೊಡಿ. ಬೇಕಾದ ವಸ್ತು ಕಣ್ಣಿಗೆ ಕಾಣಲಿ, ಕೈಗೆ ಎಟುಕದಿರಲಿ. ಆಕೆ ನೋಡಿದ ಕೂಡಲೇ ಓಡಬೇಡಿ. 'ಎರಡು ಉಸಿರು ಬಿಡೋ ತನಕ ತಡೀರಿ, ಅಷ್ಟs. ಏನರೆ ಸದ್ದು ಮಾಡಿದ್ರ, ಕೈ ಮಾಡಿದ್ರ, ಅದೂ ಮಾತs ಅಂತ ತಿಳೀರಿ. ಏನೂ ಮಾಡ್ಲಿಲ್ಲಂದ್ರ ಆ ಶಬ್ದ ನೀವs ಅಂದು ಕೊಟ್ಟುಬಿಡ್ರಿ. ಕಾಡಸಬ್ಯಾಡ್ರಿ, ಅಳಸಬ್ಯಾಡ್ರಿ.' ಮೊಬೈಲು ಬಿಡಿಸಿ ಎಲ್ಲರ ನಡುವೆ ಕೂರಿಸಿಕೊಂಡು ಉಣ್ಣಿರಿ. ಆಕೆ ಏನು ನೋಡುತ್ತಿದ್ದಾಳೋ ಅದರ ಮಾತಾಡಿ, ನೀವು ತಂದ ಪುಸ್ತಕದ್ದಲ್ಲ. ಭಾಷೆ ಮೂರಿರಲಿ, ನಾಲ್ಕಿರಲಿ, ಅದರಿಂದ ಕೂಸಿಗೆ ಏನೂ ಆಗದು. ಯಾವ ಮಾತು ನಿಮ್ಮ ಬಾಯಿಗೆ ಸಹಜವೋ ಅದನ್ನೇ ಆಡಿ.

ಸರಳವೆಂದೆ. ಮಾಡಿ ನೋಡಿದಾಗ ಗೊತ್ತಾಯಿತು, ಎರಡು ಉಸಿರು ಎಂಬುದು ವಾಡಿಯಲ್ಲಿ ಕ್ರಾಸಿಂಗಿಗೆ ಗಾಡಿ ನಿಲ್ಲುವ ಹೊತ್ತಿಗಿಂತ ಉದ್ದ. ಮನೆಯಲ್ಲಿ ಹತ್ತು ಜನ ಮಾತಾಡುವುದು ಕಷ್ಟವಲ್ಲ. ಒಬ್ಬರೂ ಮಾತಾಡದೆ ಒಂದು ಕೂಸಿನ ಮುಖ ನೋಡುತ್ತ ಕೂರುವುದು ಕಷ್ಟ. ನಾನು ಒಂದು ಉಸಿರಿಗೇ ಸೋಲುತ್ತಿದ್ದೆ. 'ನೀರ್ ಬೇಕೇನು? ನೀರಾ? ನೀರು ಅನ್ನು. ತಗೋ ನೀರು' ಎಂದು ಪ್ರಶ್ನೆ, ಉತ್ತರ, ನೀರು ಮೂರನ್ನೂ ನಾನೇ ಕೊಟ್ಟುಬಿಡುತ್ತಿದ್ದೆ. ನನ್ನ ಹೆಂಡತಿ ಒಂದು ದಿನ, 'ನೀವು ಬಾಯಿ ಮುಚ್ಚಿದ್ರ ಕೂಸಿಗಷ್ಟs ಅಲ್ಲ, ನನಗೂ ಮಾತು ಬರ್ತಾವ' ಎಂದಳು. ಮದುವೆಯಾದಾಗಿನಿಂದ ಆಕೆ ಹೇಳಬೇಕೆಂದಿದ್ದ ವಾಕ್ಯ ಅದಿರಬೇಕು, ಅದರಲ್ಲಿ ನಾನು ನಡುವೆ ಬಾಯಿ ಹಾಕಲು ಒಂದು ಸಂದೂ ಇರಲಿಲ್ಲ.

ನಾನಾದರೂ ಸೋತೆ, ಆಯಿಯಂತೂ ಆಟಕ್ಕೇ ಇಳಿಯಲಿಲ್ಲ. ವಿಷಯ ಕೇಳುತ್ತಲೇ ರೊಟ್ಟಿಯ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

'ನನ್ನ ಮನ್ಯಾಗ ಕೂಸು ಒಂದು ತುತ್ತಿಗಿ ಬೇಡಬೇಕೇನು? ಬಂದ ಮಂದಿಗಿ ಕೇಳಿಸಿಲ್ಲ ನಾ. ಹುಟ್ಟಿದ ಕೂಸಿಗಿ ಕೇಳಸ್ಲೇನು?'

'ಬೇಡೋದಲ್ಲ ಯವ್ವಾ, ಬರೇ ಒಂದು ಮಾತು' ಎಂದೆ.

'ಬೇಡೋದಂದ್ರ ಮತ್ತೇನು? ಅದೂ ಬರೇ ಒಂದು ಮಾತs.'

ಆಕೆಯದು ಹಠವೆಂದು ಆಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ಆಕೆಗೆ ಎಂಥ ಸಂಕಟವಾಗಿರಬೇಕು ಎನಿಸಿತು. ಹಸಿದವನನ್ನು ಕಾಯಿಸಬಾರದು ಎಂಬುದೊಂದನ್ನೇ ಧರ್ಮವೆಂದು ಬಾಳಿದವಳಿಗೆ ಮರಿಮೊಮ್ಮಗಳನ್ನು ಕಾಯಿಸು ಎಂದು ಹೇಳುತ್ತಿದ್ದೆವು. ಜಪದ ಮಣಿ ಎಣಿಸುವವರಿಗೆ ಮಣಿ ಹಿಂದಕ್ಕೆ ತಿರುಗಿಸಿರಿ ಎಂದ ಹಾಗೆ.

ವಾದದಿಂದ ಗೆಲ್ಲೋಣವೆಂದು ನಾನು ಪುರಾಣಕ್ಕೆ ಕೈ ಹಾಕಿದೆ. ಇದು ನನಗೆ ನಿಜವಾಗಿಯೂ ಹೊಳೆದ ವಿಚಾರ, ನಿಮಗೂ ಹೇಳುತ್ತೇನೆ. ನಮ್ಮ ದೇವರುಗಳನ್ನು ನೋಡಿ. ಎಲ್ಲವನ್ನೂ ಬಲ್ಲವರು. ಭಕ್ತ ಯಾಕೆ ಒಂಟಿಕಾಲಲ್ಲಿ ನಿಂತಿದ್ದಾನೆ, ಅವನ ಮನಸ್ಸಿನಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿಲ್ಲವೇ? ಆದರೂ ಪ್ರತ್ಯಕ್ಷನಾದ ದೇವರು ಸುಮ್ಮನೆ ವರವನ್ನು ಕೈಗಿಟ್ಟು ಮಾಯವಾಗುವುದಿಲ್ಲ. 'ಏನು ವರ ಬೇಕು, ಕೇಳು' ಎನ್ನುತ್ತಾನೆ. ಕೇಳಿ ಕಾಯುತ್ತಾನೆ. ಭಕ್ತ ತೊದಲುತ್ತಾನೆ, ಸ್ತೋತ್ರ ಮಾಡುತ್ತಾನೆ, ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬರುತ್ತಾನೆ. ಅಲ್ಲಿಯವರೆಗೂ ದೇವರು ಜಗತ್ತನ್ನು ಆಳುವ ಕೆಲಸ ಬಿಟ್ಟು ಎದುರಿಗೆ ನಿಂತಿರುತ್ತಾನೆ. ಗೊತ್ತಿದ್ದೂ ಕೇಳುವುದು, ಕೇಳಿ ಕಾಯುವುದು, ಇದು ಪ್ರೀತಿಯ ಇನ್ನೊಂದು ರೀತಿ ಇರಬೇಕು. ಕಲಬುರಗಿಯ ಮೇಡಂ ಹೇಳಿದ್ದೂ ಇದನ್ನೇ ಅಲ್ಲವೇ?

ಇದನ್ನೆಲ್ಲ ಆಯಿಗೆ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, 'ಹೌದು. ಹಂಗ ಕೇಳಿ ಕೇಳಿ ವರ ಕೊಟ್ಟು, ಭಸ್ಮಾಸುರನ ಕೈಗಿ ಸಿಕ್ಕು ಓಡಿದ್ದೂ ಅಂವನs' ಎಂದಳು. ಪುರಾಣ ಅಲ್ಲಿಗೆ ಮುಗಿಯಿತು.

ಆದರೆ ಒಂದಕ್ಕೆ ಮಾತ್ರ ಆಯಿ ಒಪ್ಪಿದಳು. ನೀಲಾ ಎಲ್ಲರ ಜೊತೆ ಕುಳಿತು ಉಣ್ಣುವುದು. ಅದು ಆಕೆಗೂ ಬೇಕಿತ್ತು. ಮೊಬೈಲು ಮಾಡದ ಮೇಲಕ್ಕೆ ಹೋಯಿತು. ನೀಲಾಳ ಪುಟ್ಟ ತಾಟು ಆಯಿಯ ಪಕ್ಕದಲ್ಲಿ, ರೊಟ್ಟಿಯ ಬುಟ್ಟಿಗೆ ಆತುಕೊಂಡು ಬಂತು. ಸುನೀತಾ ಎದುರಿಗೆ ಕುಳಿತು, ಕೂಸು ನೋಡಿದ್ದನ್ನೇ ಆಡುತ್ತಿದ್ದಳು: 'ಬ್ಯಾಳಿ. ಬಿಸಿ ಬ್ಯಾಳಿ. ಉಫ್.' ಅಂಥ ಚಿಕ್ಕ ಚಿಕ್ಕ ಮಾತು. ನಾನು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಮೌನ ಸಾಧಿಸುತ್ತಿದ್ದೆ. ನೀಲಾ ಉಂಡಷ್ಟು ಉಂಡು, ನಾವು ಉಣ್ಣುವುದನ್ನು ನೋಡುತ್ತಿದ್ದಳು. ಆಯಿಯ ಕೈ ಬುಟ್ಟಿಗೆ ಹೋಗುವುದನ್ನು, ರೊಟ್ಟಿ ಪಟ್ಟೆಂದು ಮುರಿಯುವುದನ್ನು, 'ಇನ್ನರ್ಧ ತಗೋ' ಎಂಬ ಮಾತು ಒಂದು ತಾಟಿನಿಂದ ಇನ್ನೊಂದು ತಾಟಿಗೆ ಸುತ್ತುವುದನ್ನು. ವಾರಗಳು ಹೋದವು. ಬೇಕಾದಾಗ ಕೈ ಮಾಡುವುದನ್ನು, 'ಉಂ' ಎನ್ನುವುದನ್ನು ಆಕೆ ಕಲಿತಳು. ಮಾತು ಬರಲಿಲ್ಲ. ಸುನೀತಾ ಮಾತ್ರ ಬೇಸರಿಸದೆ 'ಬಿಸಿ ಬ್ಯಾಳಿ' ಎನ್ನುತ್ತಲೇ ಇದ್ದಳು.

ಒಂದು ಭಾನುವಾರ ಮಧ್ಯಾಹ್ನ ಪುಂಡಿಪಲ್ಯದ ಊಟ. ಮಗನೂ ಮನೆಯಲ್ಲಿದ್ದ. ಎಲ್ಲರ ಊಟವೂ ಮುಗಿದು, ನಾವು ಕೈ ತೊಳೆಯಲು ಬಚ್ಚಲ ಕಡೆ ಎದ್ದಿದ್ದೆವು. ಆಯಿ ಎಂದಿನಂತೆ ತನ್ನ ತಾಟನ್ನು ಎಳೆದುಕೊಂಡು, ಒಂದು ತುಂಡು ರೊಟ್ಟಿ ಹಾಕಿಕೊಂಡು ತಿಂದಳು. ತಾಟು ಖಾಲಿಯಾಯಿತು. ನೀಲಾ ಇನ್ನೂ ಬುಟ್ಟಿಯ ಪಕ್ಕದಲ್ಲೇ ಇದ್ದಳು. ಆ ಖಾಲಿ ತಾಟು ನೋಡಿದಳು. ತಿರುಗಿ ನಮ್ಮನ್ನು ನೋಡಿದಳು. ಖಾಲಿ ತಾಟಿನ ಮುಂದೆ ಯಾರೋ ಒಬ್ಬರು ಒಂದು ಮಾತು ಹೇಳಬೇಕು, ಅದು ಈ ಮನೆಯ ಪದ್ಧತಿ. ಯಾರೂ ಹೇಳುತ್ತಿಲ್ಲ. ಆಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎರಡೂ ಕೈಗಳನ್ನು ಬುಟ್ಟಿಗೆ ಹಾಕಿ, ಒಂದು ರೊಟ್ಟಿ ಎತ್ತಿ, ಎದೆಗೆ ಒತ್ತಿ ಮುರಿದು, ಕೈಗೆ ಬಂದ ತುಂಡನ್ನು ಆಯಿಯ ಮುಖದ ಹತ್ತಿರ ಹಿಡಿದಳು.

'ಅದ್ದ' ಎಂದಳು.

ಆಯಿ ತಲೆ ಎತ್ತಿದಳು.

'ಅದ್ದ. ತಗ.'

ನಾನು 'ಮಾತಾಡಿದಳು' ಎಂದು ಕೂಗಲು ಬಾಯಿ ತೆರೆದೆ. ನನ್ನ ಹೆಂಡತಿ ತನ್ನ ಹಸಿ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. ಪುಂಡಿಪಲ್ಯದ ಹುಳಿ ವಾಸನೆ ಈಗಲೂ ನೆನಪಿದೆ.

ಉಣ್ಣುವವರು ಮೊದಲು ಕೈ ಅಡ್ಡ ಹಿಡಿದು 'ಸಾಕು ಸಾಕು' ಎನ್ನಬೇಕು, ನೀಡುವವರು ಒತ್ತಾಯ ಮಾಡಬೇಕು. ಆದರೆ ಆಯಿಗೆ ಸಾಕು ಎನ್ನುವುದು ಗೊತ್ತಿರಲಿಲ್ಲ. ಆಕೆಗೆ ಯಾರೂ ಎಂದೂ ಇನ್ನರ್ಧ ತಗೋ ಎಂದಿರಲಿಲ್ಲ. ಎಲ್ಲರ ತಾಟನ್ನೂ ಆಕೆ ನೋಡುತ್ತಾಳೆ, ಆಕೆಯ ತಾಟನ್ನು ನೋಡುವವರು ಯಾರು? ಕೇಳುವ ಮೊದಲೇ ಎಲ್ಲವೂ ಸಿಗುವ ನಮ್ಮ ಮನೆಯಲ್ಲಿ ಒಬ್ಬಳಿಗೆ ಸಿಗುತ್ತಿರಲಿಲ್ಲ, ಆಕೆ ಕೇಳುತ್ತಲೂ ಇರಲಿಲ್ಲ. ಅದು ಕಂಡದ್ದು ಮಾತು ಬಾರದ ಕೂಸಿಗೆ.

'ಹಾಕವ್ವಾ' ಎಂದಳು ಆಯಿ.

ನೀಲಾ ಹಾಕಿದಳು. ಉಳಿದ ತುಂಡನ್ನೂ ಕೂಡಲೇ ಎತ್ತಿ 'ಅದ್ದ' ಎಂದಳು, ಪದ್ಧತಿ ಪ್ರಕಾರ. ಆಯಿ ಅದನ್ನೂ ಹಾಕಿಸಿಕೊಂಡಳು. ಆಮೇಲೆ ತಾಟಿನ ರೊಟ್ಟಿಯನ್ನು ಹಾಗೇ ಬಿಟ್ಟು, ಕಣ್ಣು ಒರೆಸಿಕೊಂಡು, ಕೂಸಿನ ಮುಖವನ್ನೇ ನೋಡುತ್ತ, 'ಇನ್ನರ್ಧ ಹಾಕ್ತಿಯೇನು, ಯವ್ವಾ?' ಎಂದು ಕೇಳಿದಳು. ನನ್ನ ಬುದ್ಧಿ ತಿಳಿದಾಗಿನಿಂದ ಆಯಿ ಈ ಮನೆಯಲ್ಲಿ ಏನನ್ನಾದರೂ ಬಾಯಿ ಬಿಟ್ಟು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಈ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆಕೆ 'ಕೊಡು' ಎನ್ನಲಿ, 'ಬೇಕು' ಎನ್ನಲಿ ಎಂದು ನಾವು ಕಾದೆವು. ಆದರೆ ನಮ್ಮ ಮನೆಯಲ್ಲಿ ಕೊಡು ಎಂದು ಅಂದವರು ಯಾರು? ಯಾರ ಬಾಯಿಂದಲೂ ಬಾರದ ಮಾತನ್ನು ಆಕೆ ಎಲ್ಲಿಂದ ತಂದಾಳು? ಕೂಸು ನಾವು ಅನ್ನು ಎಂದದ್ದನ್ನು ಅನ್ನಲಿಲ್ಲ. ನಾವು ಪ್ರೀತಿಯಿಂದ ದಿನವೂ ಅಂದದ್ದನ್ನು ಅಂದಿತು. ನನ್ನ ಆ್ಯಪಲ್ಲು ಬನಾನಾಗಳು ಪುಸ್ತಕದಲ್ಲೇ ಉಳಿದವು.

ಆಯಿ ಮಾತ್ರ ಮೇಡಂ ಹೇಳಿದ್ದು ಸರಿ ಎಂದು ಇವತ್ತಿಗೂ ಒಪ್ಪಿಲ್ಲ. 'ನಾ ಕೂಸಿಗಿ ಬೇಡಿಸಿಲ್ಲ. ನಾನs ಬೇಡೀನಿ' ಎನ್ನುತ್ತಾಳೆ. ಬೇಡುವುದೂ ಜೋರಾಗಿಯೇ ನಡೆದಿದೆ. ಖಾಲಿ ತಾಟು ಮುಂದಿಟ್ಟುಕೊಂಡು, ಕೈ ಕಟ್ಟಿಕೊಂಡು, ನೀಲಾಳ ಕಡೆ ನೋಡುತ್ತ ಕೂರುತ್ತಾಳೆ. ಎರಡು ಉಸಿರಲ್ಲ, ಇಪ್ಪತ್ತು ಉಸಿರಾದರೂ ಕಾಯುತ್ತಾಳೆ. ಹೊಟ್ಟೆ ತುಂಬಿದ್ದರೂ, ಕೂಸಿನ ಬಾಯಿಂದ ಒಂದು ಮಾತು ಬರಲೆಂದು ಇನ್ನರ್ಧ ಕೇಳುತ್ತಾಳೆ. 'ಉಪ್ಪು', 'ಖಾರ', ಚಟ್ನಿಪುಡಿಗೆ 'ಹಿಂಡಿ', 'ಮಸರ' ಎಲ್ಲ ಹಾಗೇ ಬಂದವು. ಬೀಗರ ಕಡೆಯಿಂದ ತೆಲುಗಿನ 'ರಾ' ಎಂಬುದೂ ಬಂದಿದೆ. ಅದಕ್ಕೆ ಕನ್ನಡದ 'ಬಾ' ಏನೂ ಬೇಸರ ಮಾಡಿಕೊಂಡಿಲ್ಲ. ಎರಡೂ ಒಂದೇ ಬಾಯಲ್ಲಿ ಸುಖವಾಗಿವೆ. ನಾವು ಇನ್ನೂ ಕಲಬುರಗಿಗೆ ಹೋಗಿ ಬರುತ್ತೇವೆ, ಮೇಡಂ ಇನ್ನೂ ನನ್ನ ಕೈ ಕಟ್ಟಿಸುತ್ತಾಳೆ.

ಈ ನಡುವೆ ನಮ್ಮ ಮನೆಯ ಹೆಸರು ಸ್ವಲ್ಪ ಕೆಟ್ಟಿದೆ. ಮೊನ್ನೆ ಸುನೀತಾಳ ತಂದೆ ಬಂದಿದ್ದರು. ಊಟಕ್ಕೆ ಕುಳಿತರು. ತಾಟು ಖಾಲಿಯಾಯಿತು. ಆಯಿ ಬುಟ್ಟಿ ಮುಟ್ಟದೆ ಸುಮ್ಮನೆ ಕುಳಿತಿದ್ದಾಳೆ. ನಾನು ಗೋಡೆ ನೋಡುತ್ತಿದ್ದೇನೆ. ಬೀಗರು ಪಾಪ, ಇವರ ಮನೆಯಲ್ಲಿ ಏನೋ ತಾಪತ್ರಯ ಬಂದಿದೆ ಎಂದುಕೊಂಡು, ಬೆರಳು ನೆಕ್ಕಿ ಏಳಲು ಮಂಡಿ ಊರಿದರು. ಅಷ್ಟರಲ್ಲಿ ಪುಟ್ಟ ಕೈಯೊಂದು ಅವರ ತಾಟಿಗೆ ಅಡ್ಡ ಬಂತು. 'ಕೂಡು. ಅದ್ದ ತಗ.' ಅವರು ಕುಳಿತರು, ಆಮೇಲೆ ಬಹಳ ಹೊತ್ತು ಏಳಲಿಲ್ಲ. ಊರಿಗೆ ಹೋಗುವಾಗ, 'ಹೊಟ್ಟೆ ಬಿರಿಯೋ ಹಂಗ ಆಗೇದ್ರಿ, ಬ್ಯಾಡ ಅನ್ನೋಕ ಮನಸ್ಸು ಬರವಲ್ದು' ಎಂದರು.

ಇಷ್ಟೆಲ್ಲ ಆದರೂ ಸುನೀತಾ ಕಾಯುತ್ತಿದ್ದ ಮಾತು ಬಂದಿರಲಿಲ್ಲ. ರೊಟ್ಟಿಗೆ ಹೆಸರಿತ್ತು, ಬೆಕ್ಕಿಗೆ ಹೆಸರಿತ್ತು, ಆಯಿಗೂ ಇತ್ತು. ಯಾವಾಗಲೂ ಕಣ್ಣೆದುರಿಗೇ ಇರುವ ತಾಯಿಯನ್ನು ಕರೆಯಬೇಕಾದ ಪ್ರಸಂಗವೇ ಆ ಕೂಸಿಗೆ ಬಂದಿರಲಿಲ್ಲ. ಸುನೀತಾ ಇದರ ಬಗ್ಗೆ ಆಮೇಲೆ ಒಮ್ಮೆಯೂ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೋದ ವಾರ ಬೆಳಿಗ್ಗೆ. ಸುನೀತಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ತೊಗರಿಬೇಳೆ ಆರಿಸುವ ನೆಪದಲ್ಲಿ ಚಹಾಕ್ಕೆ ಕಾಯುತ್ತಿದ್ದೆ. ನೀಲಾ ಅಂಗಳದಲ್ಲಿ ಒಬ್ಬಳೇ, ಕಲ್ಲಿನ ಮೇಲೆ ಬಳಪದಿಂದ ಏನೋ ಗೀಚುತ್ತಿದ್ದಳು. ಗೀಚಿದ್ದು ತೋರಿಸಬೇಕೆನಿಸಿರಬೇಕು. ತಲೆ ಎತ್ತಿದಳು. ಯಾರೂ ಇರಲಿಲ್ಲ.

'ಅವ್ವಾ.'

ರೊಟ್ಟಿ ಬಡಿಯುವ ಸದ್ದು ನಿಂತಿತು. ಸುನೀತಾ ಕೈಯನ್ನು ಹಿಟ್ಟಿನ ಮೇಲೆ ಹಾಗೇ ಇಟ್ಟುಕೊಂಡು ಕುಳಿತಿದ್ದಾಳೆ, ಏಳುತ್ತಿಲ್ಲ. ವಾಡಿಯ ಕಿಟಕಿಯ ಹಿಂದೆ ಕುಳಿತಿದ್ದ ನನ್ನೊಳಗಿನ ಹಳೆಯ ಮನುಷ್ಯ ಸುಮ್ಮನಿದ್ದಾನೆಯೇ? 'ಸುನೀತಾ, ಕೂಸು ಕರೀಲಿಕತ್ತದ...' ಎಂದು ಶುರುಮಾಡಿಯೇಬಿಟ್ಟೆ.

ಆಕೆ ಹಿಟ್ಟಿನ ಕೈ ಎತ್ತಿ ನನ್ನನ್ನು ತಡೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

'ಕೇಳ್ಸೇದ್ರಿ, ಮಾವಾ' ಎಂದಳು. 'ಜರಾ ತಡೀರಿ. ಇನ್ನೊಮ್ಮೆ ಕರೀಲಿ.'

ನಾನು ಬಾಯಿ ಮುಚ್ಚಿ ಕುಳಿತೆ.